ಕಾಫಿ ಕಣದ ಬಾವಿ

ಹೋದ ತಿಂಗಳು ಮಾದಿಯ ಮಗಳು ಗೌರಿ ಫೋನ್ ಮಾಡಿ, "ಅಕ್ಕಾ, ಕಾಲನಿ ಮನೆ ಕೆಡವ್ತಾ ಅವ್ರೆ. ಬಾವೀನೂ ಮುಚ್ತಾರಂತೆ. ಅವ್ವ ಜಗಲಿ ಬುಟ್ಟು ಏಳ್ತಾ ಇಲ್ಲ, ನೀವೊಂದ್ಸಲ ಬಂದು ಹೇಳಿ," ಅಂದಾಗ ನಾನು ಮೊದಲು ಹೇಳಿದ್ದು ನನ್ನ ಮಂಡಿನೋವಿನ ವಿಷಯ. ವಯಸ್ಸಾದವರಿಗೆ ಇದೊಂದು ಅನುಕೂಲ. ಎಲ್ಲಿಗೂ ಹೋಗದೇ ಇರುವುದಕ್ಕೆ ಮಂಡಿಯೇ ಸಾಕು.  ಗೌರಿ, "ನಿಮ್ಮ ಮಾತಾದ್ರೆ ಅವ್ವ ಕೇಳ್ತದೆ," ಅಂದಳು. ಮರುದಿನ ಪನಮರದಿಂದ ಬಸ್ಸು ಹತ್ತಿದೆ.

ಮಾನಂತವಾಡಿ ಪೇಟೆಯ ಇಳಿಜಾರಿನಲ್ಲಿ ಆ ಕಾಲನಿ. ಮೊದಲ ಸಾಲಿನ ಮನೆಗಳನ್ನು ಜೆಸಿಬಿ ಆಗಲೇ ಬೀಳಿಸಿತ್ತು. ಗೋಡೆಗಳ ಬುಡಕ್ಕೆ ಹಳೆಯ ಕಣದ ಸಿಮೆಂಟು, ಅದರ ಕೆಳಗೆ ಕರ್ರಗೆ ಅದುಮಿಕೊಂಡಿದ್ದ ಕಾಫಿ ಸಿಪ್ಪೆ. ಯಾವ ಕಾಲದಲ್ಲೋ ತಗ್ಗು ತುಂಬಿಸಲು ಹಾಕಿದ ಸಿಪ್ಪೆ ಅದು. ಬೆಳಿಗ್ಗೆ ಮಳೆ ಬಿದ್ದಿತ್ತು. ಯಂತ್ರ ಅದನ್ನು ಮಗುಚಿ ಹಾಕಿದಾಗ ಹುಳಿ ವಾಸನೆಯೊಂದು ಎದ್ದು ಬಂತು. ಅಪ್ಪನ ಅಂಗಿಯಲ್ಲಿ ಇರುತ್ತಿದ್ದ ವಾಸನೆ. ನಾನು ಕೊಡೆ ಊರಿಕೊಂಡು ಅಲ್ಲೇ ನಿಂತೆ.

ಈ ಜಾಗ ಕಾಲನಿಯಾಗುವ ಮೊದಲು ಒಂದು ಕಾಫಿ ಕಂಪನಿಯದು. ಸುತ್ತಲ ತೋಟಗಳ ಕಾಫಿಯನ್ನು ತಂದು ಕಣದಲ್ಲಿ ಒಣಗಿಸಿ, ಸಿಪ್ಪೆ ಬಿಡಿಸಿ, ಮೂಟೆ ಕಟ್ಟಿ ಕಳಿಸುತ್ತಿದ್ದರು. ಅಪ್ಪ ಅಲ್ಲಿ ಲೆಕ್ಕ ಬರೆಯುವ ರೈಟರು. ಗೇಟಿನ ಪಕ್ಕದ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಅಪ್ಪ, ಅಮ್ಮ, ನಾನು, ಮೂವರು. ನಾವು ಜೈನರು, ಯಾವ ಕಾಲದಲ್ಲೋ ಕಬಿನಿಯ ಆಚೆಯಿಂದ ಬಂದು ಇಲ್ಲಿ ನೆಲೆಯಾದವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮಲಯಾಳ. ಬಂಧುಗಳಿಗೆಲ್ಲ ಗದ್ದೆ ತೋಟ ಇದ್ದವು. ಅಪ್ಪನ ಪಾಲಿನದು ಮಾತ್ರ ಯಾವುದೋ ವ್ಯಾಜ್ಯದಲ್ಲಿ ಕರಗಿಹೋಗಿತ್ತು. ಹಾಗಾಗಿ ನಾವು ಪೇಟೆಯವರಾದೆವು.

ಐವತ್ತಕ್ಕೂ ಹೆಚ್ಚು ವರ್ಷದ ಹಿಂದೆ, ಕಾಫಿ ಕೊಯ್ಲಿಗೆ ಮುಂಚೆ ಅಪ್ಪ ಜ್ವರದಲ್ಲಿ ತೀರಿಕೊಂಡರು. ನನಗೆ ಆಗ ಹತ್ತೊಂಬತ್ತು. ಅಳು ಬರಲಿಲ್ಲ. ಬಂದ ಹೆಂಗಸರೆಲ್ಲ ನನ್ನ ಮುಖ ನೋಡಿ, "ಒಂದು ಹನಿ ಇಲ್ಲವಲ್ಲೇ," ಅಂದುಕೊಂಡರು. ಇರಲಿಲ್ಲ, ಏನು ಮಾಡಲಿ? ಯಾರೋ ನನ್ನ ಮೈಮೇಲೆ ಒದ್ದೆ ಗೋಣಿ ಹೊದಿಸಿ ಹೋದ ಹಾಗಿತ್ತು. ಅನ್ನ ತಿನ್ನುತ್ತಿದ್ದೆ, ತಲೆ ಬಾಚುತ್ತಿದ್ದೆ, ಯಾರಾದರೂ ಮಾತಾಡಿಸಿದರೆ ಉತ್ತರ ಕೊಡುತ್ತಿದ್ದೆ. ಅಪ್ಪನ ಹಿಂದೆಯೇ ಕಂಪನಿಯೂ ಬಾಗಿಲು ಹಾಕಿತು. ಕೂಲಿ ಜಗಳ, ಸಂಘ, ಬೆಲೆ ಇಳಿದದ್ದು, ಏನೇನೋ ಕಾರಣ ಹೇಳಿದರು. ಕೊಯ್ಲಿನ ತಿಂಗಳಲ್ಲಿ ಕಣ ಖಾಲಿ ಬಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಖಾಲಿ ಅಂದರೆ ಪೂರ್ತಿ ಖಾಲಿಯಲ್ಲ. ಕಣದ ತುದಿಯ ಸಿಪ್ಪೆ ಶೆಡ್ಡಿನಲ್ಲಿ ಮಾದಿ, ಅವಳ ಗಂಡ ಬೊಮ್ಮ, ಇನ್ನೂ ಎರಡು ಮೂರು ಸಂಸಾರಗಳು ಇದ್ದವು. ಅವರು ಬೇಗೂರಿನ ಕಾಡಿನವರು, ಕಾಟುನಾಯ್ಕರು. ಅವರ ಮಾತು ನಮ್ಮ ಕನ್ನಡಕ್ಕೆ ಹತ್ತಿರ. ಕಾಡಿನಿಂದ ಎಬ್ಬಿಸಿದಾಗ ಒಂದು ತೋಟದ ಅಂಚಿಗೆ ಬಂದರಂತೆ, ಅಲ್ಲಿಂದಲೂ ಎಬ್ಬಿಸಿದಾಗ ಕೂಲಿ ಹುಡುಕಿಕೊಂಡು ಈ ಕಣಕ್ಕೆ. ನನಗೆ ಬುದ್ಧಿ ತಿಳಿದಾಗಿನಿಂದ ಮಾದಿ ಇಲ್ಲಿ ಮರದ ಹಲಗೆ ಹಿಡಿದು ಕಾಫಿ ಎಳೆಯುತ್ತಿದ್ದಳು, ಮೇಲಿನದು ಕೆಳಗೆ, ಕೆಳಗಿನದು ಮೇಲೆ, ಬಿಸಿಲಿಳಿಯುವವರೆಗೆ. ಆ ವರ್ಷ ಅವಳು ಬಸುರಿ. ಹಿಂದೆ ಒಂದು ಹೋಗಿತ್ತು. "ಇದು ಈ ಶೆಡ್ಡಲ್ಲೇ ಹುಟ್ಟಬೇಕು ಪದ್ದವ್ವ," ಅಂತ ನನಗೆ ಅನ್ನುತ್ತಿದ್ದಳು. "ಎದ್ದೂ ಎದ್ದೂ ಸಾಕಾಗದೆ. ಇನ್ನೊಂದ್ಸಲ ನಾ ಏಳಾಕಿಲ್ಲ." ಕೆಲಸ ನಿಂತಮೇಲೂ ಅವರು ಹೋಗಲಿಲ್ಲ. ಎಲ್ಲಿಗೆ ಹೋಗಬೇಕಿತ್ತು?

ಕುಡಿಯುವ ನೀರಿಗೆ ಅವರಿಗೂ ನಮಗೂ ಇದ್ದದ್ದು ಕಣದ ನಡುವಿನ ಒಂದೇ ಬಾವಿ. ಅಮ್ಮನಿಗೆ ನೀರು ಸೇದುವುದೊಂದು ವ್ರತ. ದಪ್ಪ ಬಿಳಿಯ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟಿ ಸೋಸುವುದು. ಆಮೇಲೆ ಬಟ್ಟೆಯನ್ನು ಮಗುಚಿ, ಸೋಸಿದ ನೀರಿನಲ್ಲೇ ಅದನ್ನು ಸಣ್ಣ ತಂಬಿಗೆಗೆ ತೊಳೆಯುವುದು. ಬಟ್ಟೆಯಲ್ಲಿ ನಿಂತ ಕಣ್ಣಿಗೆ ಕಾಣದ ಜೀವಗಳೆಲ್ಲ ಆ ತಂಬಿಗೆಯಲ್ಲಿ ಇರುತ್ತವೆ. ಅದನ್ನು ನೆಲಕ್ಕೆ ಚೆಲ್ಲುವಂತಿಲ್ಲ, ಬೇರೆ ಬಾವಿಗೆ ಹಾಕುವಂತಿಲ್ಲ. ಸೇದಿದ ಬಾವಿಗೇ ಹಗ್ಗ ಕಟ್ಟಿ, ನೀರು ಮುಟ್ಟುವ ತನಕ ಇಳಿಸಿ, ಮೆಲ್ಲಗೆ ಓರೆ ಮಾಡಬೇಕು. ಹೊತ್ತು ಮುಳುಗುವ ಮೊದಲು ಇದೆಲ್ಲ ಮುಗಿಯಬೇಕು. ನಮ್ಮ ಊಟವೂ ಅಷ್ಟರೊಳಗೆ.

ಮಾದಿಗೆ ಇದನ್ನು ನೋಡುವುದೇ ಒಂದು ಆಟ. ಬಾವಿಕಟ್ಟೆಗೆ ಒರಗಿ ಹೊಟ್ಟೆ ನೀವಿಕೊಳ್ಳುತ್ತ, "ಕುಡುದ್ರೆ ಏನಾದದು ಅವ್ವ? ನನ್ನ ಹೊಟ್ಟೆಯೊಳಗೆ ಒಂದದೆ, ಅವೂ ಅದ್ರ ಜೊತೆ ಆಡ್ಕೊಂಡು ಇರ್ಲಿ ಬುಡಿ," ಅನ್ನುತ್ತಿದ್ದಳು.

ಅಮ್ಮ ನಗುವುದು ಕಡಿಮೆ. "ಅವಕ್ಕೂ ಒಂದು ಊರು ಅಂತ ಇರ್ತದಲ್ಲ ಮಾದಿ. ಎತ್ತಿದವರು ಎತ್ತಿದ ಕಡೆಗೇ ಬಿಡಬೇಕು," ಅನ್ನುತ್ತಿದ್ದರು.

"ನಮ್ಮನ್ನ ಎತ್ತಿದೋರಿಗೆ ಯಾರೂ ಇದ ಹೇಳಿಕೊಟ್ಟಿಲ್ಲ ಕಣವ್ವ," ಅಂದಿದ್ದಳು ಮಾದಿ ಒಂದು ದಿನ. ನಗುತ್ತಲೇ ಅಂದದ್ದು.

ಅದು ನಕ್ಸಲರ ಮಾತೇ ಎಲ್ಲರ ಬಾಯಲ್ಲಿದ್ದ ಕಾಲ. ಕಾಡಿನಲ್ಲಿ ಹುಡುಗರಿದ್ದಾರಂತೆ, ಅಲ್ಲಿ ಯಾರದೋ ಮನೆಗೆ ನುಗ್ಗಿದರಂತೆ, ಇಲ್ಲಿ ಬತ್ತದ ಕಣಜ ಒಡೆದು ಹಂಚಿದರಂತೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಹಾಗೆ ಎಲ್ಲರೂ ಎಲ್ಲವನ್ನೂ ನಂಬುತ್ತಿದ್ದರು. ವೆಳ್ಳಮುಂಡದ ರಸ್ತೆಯಲ್ಲಿ ಪೊಲೀಸರು ಬಸ್ಸು ನಿಲ್ಲಿಸಿ ಗಂಡಸರನ್ನು ಇಳಿಸಿ ನೋಡುತ್ತಿದ್ದರು. ಅದೇ ಹೊತ್ತಿಗೆ ಕೇಣಿಚಿರದ ಕಡೆಯ ಕೂಲಿ ಸಂಘದವರು ಬಂದು ಕಂಪನಿ ಗೇಟಿಗೆ ಕೆಂಪು ಬಟ್ಟೆ ಕಟ್ಟಿ, ಪಾಳು ಬಿದ್ದ ಕಣ ಅಲ್ಲಿ ದುಡಿದವರಿಗೇ ಸೇರಬೇಕು, ಅದರ ಮೇಲೆ ಮನೆ ಆಗಬೇಕು ಅಂತ ಕೂಗಿ ಹೋದರು. ಪೇಟೆಯ ಅಂಗಡಿಯವರು ಹೌಹಾರಿದರು. ಬಸ್ಸು, ಆಸ್ಪತ್ರೆ, ಇಸ್ಕೂಲು ಎಲ್ಲ ಕೂಗಳತೆಯಲ್ಲಿರುವ ಜಾಗದಲ್ಲಿ ಕಾಡಿನವರಿಗೆ ಮನೆಯೇ? ಅವರಿಗೆ ಕಾಡಂಚಿನಲ್ಲಿ ಜಾಗ ಇಲ್ಲವೇ?

ಮಳೆ ಹಿಡಿಯುವ ಮೊದಲು ಕಂಪನಿಯ ಮ್ಯಾನೇಜರು ಬಂದು ನಮ್ಮ ಜಗಲಿಯಲ್ಲಿ ಕೂತರು. ಕಣವನ್ನು ಸೈಟು ಮಾಡಿ ಮಾರುವ ಯೋಚನೆ ಅವರದು. "ಶೆಡ್ಡಿನಲ್ಲಿ ಇರುವವರು ಇಲ್ಲಿ ಎಂದೂ ವಾಸ ಇರಲಿಲ್ಲ, ಈಗ ಸಂಘದವರು ತಂದು ಕೂರಿಸಿದ್ದು. ಯಾರು ಕೇಳಿದರೂ ನೀವು ಹಾಗಂದರೆ ಸಾಕು. ಈ ಕ್ವಾರ್ಟರ್ಸಿನಲ್ಲಿ ನೀವು ಎಷ್ಟು ಕಾಲ ಬೇಕಾದರೂ ಇರಿ," ಅಂದರು. ಅಮ್ಮ ಅವರ ಮುಂದೆ ಬೆಲ್ಲ ನೀರು ಇಟ್ಟರು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನನಗೆ ಮಾತ್ರ ಸ್ವಲ್ಪ ಹಗುರವಾಯಿತು. ಇರಲು ಮನೆಯಾಯಿತಲ್ಲ ಅಂತ. ಆಗ ನನಗೆ ಅಷ್ಟೇ ಅನ್ನಿಸುತ್ತಿದ್ದದ್ದು.

ಕರ್ಕಾಟಕ ತಿಂಗಳ ಜಡಿಮಳೆ ಹಿಡಿಯಿತು. ಒಂದು ಸಂಜೆ, ಇನ್ನೂ ಬೆಳಕಿರುವಾಗಲೇ, ಜೀಪು, ಅದರ ಹಿಂದೆ ಲಾರಿ ಬಂದು ಗೇಟಿನಲ್ಲಿ ನಿಂತವು. ಅಮ್ಮ ಆಗ ತಂಬಿಗೆ ಹಿಡಿದು ಬಾವಿಯ ಕಡೆ ಹೊರಟಿದ್ದರು. ನಾನು ಅವರಿಗೆ ಕೊಡೆ ಹಿಡಿದಿದ್ದೆ. ಒಬ್ಬ ಪೊಲೀಸಿನವನು ಅಡ್ಡ ನಿಂತ. ಮುಚ್ಚಿದ ಪಾತ್ರೆ ಹಿಡಿದು ಈಯಮ್ಮ ದಿನಾ ಸಂಜೆ ಒಳಗೆ ಹೋಗುತ್ತಾಳೆ, ಅಡಗಿ ಕೂತ ಯಾರಿಗೋ ಊಟ ಒಯ್ಯುತ್ತಾಳೆ ಅಂತ ಪೇಟೆಯ ಯಾರೋ ಹೇಳಿದ್ದರಂತೆ.

"ಏನಿದೆ ಅದರಲ್ಲಿ?" ಜೀಪಿನಿಂದ ಇಳಿದ ಅಧಿಕಾರಿ ಮಲಯಾಳದಲ್ಲಿ ಕೇಳಿದರು.

"ನೀರು."

"ಬಾವಿಗೆ ನೀರು ಒಯ್ತೀರಾ?"

ಅಮ್ಮ ತಮ್ಮ ಅರೆಬರೆ ಮಲಯಾಳದಲ್ಲಿ ವಿವರಿಸಿದರು. ಬಟ್ಟೆ, ಸೋಸುವುದು, ಜೀವ, ಬಾವಿ. ಪೊಲೀಸಿನವನು ನಕ್ಕ. ಪಾತ್ರೆ ಕಿತ್ತುಕೊಂಡು ಮೂಸಿ ನೋಡಿ ಸಿಮೆಂಟಿನ ಮೇಲೆ ಬಗ್ಗಿಸಿದ. ಅಮ್ಮ ಅಲ್ಲೇ ಕೂತರು. ಹೆಗಲ ಮೇಲಿದ್ದ ಸೋಸುಬಟ್ಟೆಯನ್ನು ಆ ಒದ್ದೆಯ ಮೇಲೆ ಹಾಸಿ, ಒತ್ತಿ, ತಂಬಿಗೆಗೆ ಹಿಂಡಿದರು. ಮತ್ತೆ ಹಾಸಿದರು. ಮಳೆ ಸುರಿಯುತ್ತಿತ್ತು. ಯಾವುದು ಮಳೆನೀರು, ಯಾವುದು ಬಾವಿನೀರು, ಯಾರಿಗೆ ಗೊತ್ತು? ನಾನು ಕೊಡೆ ಹಿಡಿದು ನೋಡುತ್ತ ನಿಂತಿದ್ದೆ. ನಾಚಿಕೆಯೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ.

ಅಧಿಕಾರಿಗೆ ತಾಳ್ಮೆ ತಪ್ಪಿತು. "ಶೆಡ್ಡಿನಲ್ಲಿ ಜನ ಇದ್ದಾರಾ ಇಲ್ವಾ? ಅಷ್ಟು ಹೇಳಿ."

ಶೆಡ್ಡಿನ ಬಾಗಿಲು ಹಾಕಿತ್ತು. ಒಳಗಿನಿಂದ ಸದ್ದಿಲ್ಲ. ಹಿಂದುಗಡೆ ಗೋಡೆ ಒಡೆದು ಹೊಳೆಯ ಕಡೆಗೆ ಹೋಗುವ ದಾರಿಯೊಂದಿತ್ತು. ಅಮ್ಮ ಇಲ್ಲ ಅಂದಿದ್ದರೆ, ಗೊತ್ತಿಲ್ಲ ಅಂದಿದ್ದರೂ, ಇವರು ಇನ್ನಷ್ಟು ಹೊತ್ತು ಇಲ್ಲೇ ವಿಚಾರಿಸುತ್ತ ನಿಲ್ಲುತ್ತಿದ್ದರು, ಅಷ್ಟರಲ್ಲಿ ಶೆಡ್ಡಿನವರು ಹೊಳೆ ಸೇರುತ್ತಿದ್ದರು. ನಾನು ಅಮ್ಮನ ಸೆರಗು ಜಗ್ಗಿದೆ. ಅಮ್ಮ ಬಟ್ಟೆ ಹಿಂಡುವುದನ್ನು ನಿಲ್ಲಿಸಿ ತಲೆ ಎತ್ತಿದರು. ಸುಳ್ಳಾಡುವುದಿಲ್ಲ ಅಂತ ಬಸದಿಯಲ್ಲಿ ವ್ರತ ಹಿಡಿದ ಹೆಂಗಸು.

"ಇದ್ದಾರೆ," ಅಂದರು. "ಮಾದಿ ಇದ್ದಾಳೆ. ಗರ್ಭಿಣಿ. ಅವಳು ಯಾವಾಗಲೂ ಇಲ್ಲೇ ಇರೋದು."

ಬೊಮ್ಮನನ್ನು ಜೀಪಿಗೆ ಹತ್ತಿಸಿದರು. ಉಳಿದವರನ್ನು ಲಾರಿಗೆ. ಪಾತ್ರೆ ಚಾಪೆಗಳನ್ನು ಎತ್ತಿ ಹಾಕಿದರು. ಮಾದಿ ಲಾರಿಯ ಹಲಗೆ ಹಿಡಿದು ಅಮ್ಮನನ್ನೇ ನೋಡಿದಳು. ಬೇಗೂರಿನ ಕಾಡಂಚಿನಲ್ಲಿ ಅವರನ್ನು ಇಳಿಸಿ ಬಂದರು ಅಂತ ಮರುದಿನ ಗೊತ್ತಾಯಿತು. ಆ ಸಂಜೆಯೇ ಶೆಡ್ಡಿಗೂ ಬೀಗ ಬಿದ್ದಿತ್ತು, ಬಾವಿಗೆ ಹೋಗುವ ದಾರಿಗೂ ಬೇಲಿ.

ಆ ದಿನ ಮನೆಯೊಳಗೆ ಬಂದಮೇಲೆ ನಾನು, ಬಹಳ ದಿನದ ಮೇಲೆ, ಬಾಯಿ ತುಂಬ ಮಾತಾಡಿದೆ. "ಹಾವೂ ಸಾಯದ ಹಾಗೆ ಕೋಲೂ ಮುರಿಯದ ಹಾಗೆ ಏನಾದರೂ ಹೇಳಬಹುದಿತ್ತಲ್ಲ? ಹುಳಕ್ಕೆ ಇರೋ ಕನಿಕರ ಮನುಷ್ಯರಿಗೆ ಇಲ್ವಾ?" ಅಮ್ಮ ತಂಬಿಗೆಯ ಬಾಯಿಗೆ ಬಟ್ಟೆ ಕಟ್ಟಿ ಗೋಡೆಯ ಗೂಡಿನಲ್ಲಿಟ್ಟರು. ಆ ಬಾವಿಯದನ್ನು ಬೇರೆ ಬಾವಿಗೆ ಹಾಕುವಂತಿಲ್ಲವಲ್ಲ. ಅಂದಿನಿಂದ ಅವರು ಒಪ್ಪೊತ್ತು. ಅದು ಬಾವಿ ಸೇರುವ ತನಕ ಒಂದೇ ಊಟ ಅಂದರು. "ಒಂದು ತಂಬಿಗೆ ನೀರಿಗೆ ಉಪವಾಸ ಮಾಡ್ತೀರಲ್ಲ," ಅಂತ ನಾನು ಚುಚ್ಚಿದೆ. "ಯಾತಕ್ಕೆ ಅಂತ ನಿನಗೆ ಹೇಳಿದೆನೇನೆ?" ಅಂದರು.

ಆಮೇಲಿನ ವಾರಗಳು ನನಗೆ ಸರಿಯಾಗಿ ನೆನಪಿಲ್ಲ. ಮಳೆ ಇತ್ತು. ಅಕ್ಕಪಕ್ಕದವರ ಬಾವಿಯಿಂದ ನೀರು ತರುತ್ತಿದ್ದೆ. ಗೋಡೆಗಳಿಗೆ ಪಾಚಿ ಹಿಡಿಯಿತು. ಖಾಲಿ ಕಣದ ಸಿಮೆಂಟಿನ ಮೇಲೆ ಮಳೆ ಬಿದ್ದು ಬಿದ್ದು ಹಗಲೆಲ್ಲ ಒಂದೇ ಸದ್ದು. ಅಮ್ಮ ಸೊರಗಿದರು. ಒಂದು ದಿನ ಸಂತೆಯಲ್ಲಿ ಬೇಗೂರಿನ ಕಡೆಯ ಒಬ್ಬಳು ಸಿಕ್ಕಿ, ಮಾದಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು, ಗಂಡು, ಎಲೆ ಹೊದಿಸಿದ ಗುಡಿಸಲಿನಲ್ಲಿ, ಎರಡು ದಿನ ಇತ್ತು ಅಂದಳು. ನಾನು ಸೊಪ್ಪು ಕೊಂಡು ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಸೊಪ್ಪು ಬಿಡಿಸುತ್ತ ಕೂತವರು ಬಿಡಿಸುತ್ತಲೇ ಇದ್ದರು. ಕಾಂಡವೂ ಚೂರಾಗಿ, ಎಲೆಯೂ ಚೂರಾಗಿ, ಕೊನೆಗೆ ಅದನ್ನು ಬೇಯಿಸುವ ಹಾಗೂ ಇರಲಿಲ್ಲ.

ಓಣಂ ಕಳೆದು ಬಿಸಿಲು ಬಂತು. ಸಂಘದವರು ಬಿಡಲಿಲ್ಲ, ಬೊಮ್ಮನನ್ನು ಬಿಡಿಸಿದರು, ಅರ್ಜಿ ಹಾಕಿದರು. ಭೂಮಿಯ ವಿಚಾರಣೆಗೆ ಅಂತ ಒಬ್ಬ ಅಧಿಕಾರಿ ಕಣಕ್ಕೇ ಬಂದು ಕುರ್ಚಿ ಹಾಕಿಸಿ ಕೂತರು. ಶೆಡ್ಡಿನ ಜನ ಹಿಂದಿನಿಂದ ಇಲ್ಲಿ ವಾಸ ಇದ್ದವರೇ ಹೌದಾದರೆ ಅವರನ್ನು ಬಿಟ್ಟು ಕಂಪನಿ ಜಾಗ ಮಾರುವಂತಿಲ್ಲ. ಅಲ್ಲವಾದರೆ ಆ ದಿನವೇ ಮುಗಿಯಿತು. ಮಾದಿ ಬೊಮ್ಮರನ್ನು ಸಂಘದವರು ಕರೆದುಕೊಂಡು ಬಂದಿದ್ದರು. ಮಾದಿ ಒಣಗಿದ ಕಡ್ಡಿಯಾಗಿದ್ದಳು. ಪೇಟೆಯ ಅರ್ಧ ಜನ ಗೇಟಿನಲ್ಲಿ.

ಮ್ಯಾನೇಜರು ಎದ್ದು, ಇವರು ಇಲ್ಲಿ ಯಾವತ್ತೂ ವಾಸ ಇರಲಿಲ್ಲ, ಕೂಲಿಗೆ ಬಂದು ಕೂಲಿ ಮುಗಿಸಿ ಹೋಗುತ್ತಿದ್ದರು ಅಂದರು. ಬೇಕಾದರೆ ನಮ್ಮ ರೈಟರ ಹೆಂಡತಿಯನ್ನೇ ಕೇಳಿ ಅಂತ ಅಮ್ಮನ ಕಡೆ ಕೈ ತೋರಿಸಿದರು. ಕ್ವಾರ್ಟರ್ಸಿನ ಮಾತು ಅವರ ಕಣ್ಣಿನಲ್ಲಿತ್ತು.

ಅಮ್ಮ ತಂಬಿಗೆ ಹಿಡಿದುಕೊಂಡೇ ಬಂದಿದ್ದರು. ನಿಂತಲ್ಲಿಂದಲೇ ಹೇಳಿದರು. "ಮಳೆಗಾಲದಲ್ಲಿ ಪೊಲೀಸಿನವರು ಒಳಗೆ ಜನ ಇದ್ದಾರಾ ಅಂತ ಕೇಳಿದರು. ಇದ್ದಾರೆ ಅಂದೆ. ಆ ಮಾತಿಗೆ ಈ ಹುಡುಗಿಯ ಮಗು ಹೋಯಿತು. ಇವತ್ತೂ ಅದೇ ಹೇಳ್ತೇನೆ. ಇದ್ದರು. ನನ್ನ ಮಗಳು ಸಣ್ಣವಳಿದ್ದಾಗಿನಿಂದ ಇದ್ದರು. ಅವತ್ತು ಲಾರಿ ತಂದು ಎಬ್ಬಿಸುವಾಗ ಇದ್ದ ಜನ ಇವತ್ತು ಇಲ್ಲ ಅಂದರೆ ಹೇಗೆ? ಎತ್ತಿದ ಕಡೆಗೇ ತಂದುಬಿಡಿ."

ಅಧಿಕಾರಿ ಮ್ಯಾನೇಜರ ಮುಖ ನೋಡಿದರು. ಮ್ಯಾನೇಜರು ನೆಲ ನೋಡಿದರು. ನಮ್ಮ ಮನೆ ಹೋಯಿತು ಅಂತ ನನಗೆ ಗೊತ್ತಾಯಿತು. ಅಮ್ಮ ಯಾರನ್ನೂ ಕೇಳದೆ ಬೇಲಿ ಸರಿಸಿ ಬಾವಿಯ ಹತ್ತಿರ ಹೋದರು. ಎಷ್ಟು ಸಲ ಸುತ್ತಿದರೂ ಹಗ್ಗದ ಗಂಟು ಬೀಳಲಿಲ್ಲ. ಮಾದಿ ಎದ್ದು ಹೋಗಿ ಎದುರಿಗೆ ನಿಂತಳು.

"ಅವತ್ತು ಒಂದು ಸುಳ್ಳ ಹೇಳಿದ್ರೆ ನನ್ನ ಕೂಸು ಇರ್ತಿತ್ತವ್ವ."

"ಹೂಂ. ಇರ್ತಿತ್ತು," ಅಂದರು ಅಮ್ಮ.

ಮಾದಿ ಹಗ್ಗ ಇಸಿದುಕೊಂಡು ತಾನೇ ಗಂಟು ಹಾಕಿ ತಂಬಿಗೆ ಇಳಿಸಿದಳು. ನೀರು ಮುಟ್ಟಿದ ಮೇಲೆ ಮೆಲ್ಲಗೆ ಓರೆ ಮಾಡಿದಳು. ಎಷ್ಟೋ ವರ್ಷ ನೋಡಿದ ಕೆಲಸ, ಅವಳಿಗೆ ಬರುತ್ತಿತ್ತು. ಅಮ್ಮ ಕಟ್ಟೆ ಹಿಡಿದು ಅತ್ತರು. ನಾನು ಅಳಲಿಲ್ಲ.

ಆ ತಿಂಗಳೇ ಕ್ವಾರ್ಟರ್ಸ್ ಬಿಟ್ಟು ನಾವು ಪನಮರದ ಸೋದರಮಾವನ ಮನೆಗೆ ಹೋದೆವು. ಕಣದ ಮೇಲೆ ಸರ್ಕಾರದ ಮನೆಗಳು ಎದ್ದವು. ಹಳೆಯ ಸಿಮೆಂಟನ್ನು ಒಡೆಯುವ ಗೋಜಿಗೆ ಯಾರೂ ಹೋಗಲಿಲ್ಲ, ಅದರ ಮೇಲೆಯೇ ಗೋಡೆ ಎಬ್ಬಿಸಿದರು. ಹೀಗಾಗಿ ಮಾದಿ ಕಾಫಿ ಎಳೆಯುತ್ತಿದ್ದ ನೆಲವೇ ಅವಳ ಅಡುಗೆಮನೆಯ ನೆಲವಾಯಿತು. ಒಲೆಗೆ ಗುಂಡಿ ತೋಡಲು ಬೊಮ್ಮ ವಾರವಿಡೀ ಉಳಿ ಹೊಡೆದನಂತೆ. ಗೌರಿ ಅಲ್ಲೇ ಹುಟ್ಟಿದಳು. ಅಮ್ಮ ಇರುವ ತನಕ ವರ್ಷಕ್ಕೊಮ್ಮೆ ಹೋಗಿ ಬರುತ್ತಿದ್ದರು. ಇಬ್ಬರೂ ಬಾವಿಕಟ್ಟೆಯಲ್ಲಿ ಕೂತು ಎಲೆಯಡಿಕೆ ಹಾಕುತ್ತಿದ್ದರು, ಮಾತು ಕಡಿಮೆ.

ಈಗ ಆ ಮನೆಗಳು ಹಳೆಯವಾಗಿ ಬಿರುಕು ಬಿಟ್ಟಿವೆ. ಅವನ್ನೆಲ್ಲ ತೆಗೆದು ಒಂದರ ಮೇಲೊಂದು ಮನೆ ಬರುವ ಕಟ್ಟಡ ಕಟ್ಟುತ್ತಾರಂತೆ, ಮುಗಿದಮೇಲೆ ಇದೇ ಜನಕ್ಕೆ ಇಲ್ಲೇ ಕೊಡುತ್ತಾರಂತೆ. ಅಲ್ಲಿಯ ತನಕ ಪೇಟೆಯ ಹೊರಗೆ ಎಲ್ಲೋ ತಗಡಿನ ಶೆಡ್ಡು. ಉಳಿದವರೆಲ್ಲ ಹೋಗಿಯಾಗಿತ್ತು. ಗೌರಿಯ ಸಾಮಾನು ಆಟೋದಲ್ಲಿತ್ತು. ಮಾದಿ ಒಬ್ಬಳೇ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಳು. ಕಣ್ಣು ಮಂಜು, ಕಿವಿ ಚುರುಕು.

"ಪದ್ದವ್ವ ಬಂತಾ? ಕುಂತ್ಕ," ಅಂದಳು. ಕೂತೆ. ಜೆಸಿಬಿಯವನು ಯಂತ್ರ ನಿಲ್ಲಿಸಿ ಬೀಡಿ ಹಚ್ಚಿದ.

"ಮಾದಕ್ಕ, ಏಳು. ಗೌರಿ ಕಾಯ್ತಾ ಇದಾಳೆ."

"ಏಳ್ತೀನಿ. ಒಂದು ಮಾತ ಕೇಳ್ಬೇಕು, ಅದ್ಕೇ ನಿನ್ನ ಕರೆಸಿದ್ದು. ಇವ್ರೆಲ್ಲ ನನ್ನ ಏಳ್ಸಕ್ಕೆ ಏನ್ ಬೇಕಾದ್ರೂ ಹೇಳ್ತರೆ. ನಿಮ್ಮವ್ವನ ಮಗಳು ನೀನು, ಹಂಗ್ ಹೇಳಕ್ಕಿಲ್ಲ." ನನ್ನ ಮಂಡಿಯ ಮೇಲೆ ಕೈ ಇಟ್ಟಳು. "ನಮ್ಮನ್ನ ತಿರುಗಾ ಇಲ್ಲಿಗೇ ತಂದು ಬುಡ್ತರಾ?"

ನನಗೇನು ಗೊತ್ತು? ನಾನು ಯಾವ ಆಫೀಸಿನವರನ್ನೂ ಕೇಳಿರಲಿಲ್ಲ, ಕೇಳಿದ್ದರೂ ನಂಬುತ್ತಿದ್ದೆನೋ ಇಲ್ಲವೋ. ಎರಡು ಮಾರು ಆಚೆ ಬಾವಿಯ ಬಾಯಿಗೆ ಹಲಗೆ ಹೊಡೆದಾಗಿತ್ತು. ಸಿಪ್ಪೆಯ ಹುಳಿ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಅಷ್ಟು ವರ್ಷ ಎಲ್ಲಿ ಕೂತಿತ್ತೋ ಆ ಅಳು, ಸೆರಗಿನಿಂದ ಕಣ್ಣೊರೆಸಿಕೊಂಡೆ.

"ಬಿಡ್ತಾರೆ ಮಾದಕ್ಕ," ಅಂದೆ. "ಇಲ್ಲಿಗೇ ಬಿಡ್ತಾರೆ."

ಮಾದಿ ಆ ಮಂಜುಗಣ್ಣನ್ನು ನನ್ನ ಕಡೆ ತಿರುಗಿಸಿದಳು.

"ನಿಮ್ಮವ್ವ ಆಗಿದ್ರೆ ಗೊತ್ತಿಲ್ಲ ಅಂತಿದ್ರು," ಅಂದಳು. ಆಮೇಲೆ ನನ್ನ ಕೈ ಹಿಡಿದು ಎದ್ದಳು.